ನಾರು ಕರಗಿಸುವ ಕಿಣ್ವಗಳು: ಹುಳಿ ಮತ್ತು ಕಾವಿನ ಪ್ರಭಾವ

ತುಮಕೂರು ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರಿದೆ. ಗುಬ್ಬಿ ತಾಲ್ಲೂಕಿನ ತೋಟಗಳಲ್ಲಿ ತೆಂಗು ಮತ್ತು ಅಡಿಕೆ, ಕುಣಿಗಲ್ ತಾಲ್ಲೂಕಿನ ಹೊಲಗಳಲ್ಲಿ ರಾಗಿ ಮುಖ್ಯ ಬೆಳೆಗಳು. ತುಮಕೂರು ನಗರದ ಮಾರುಕಟ್ಟೆಗೆ ಸುತ್ತಲಿನ ಹಳ್ಳಿಗಳಿಂದ ತರಕಾರಿ, ಹಣ್ಣು, ಹೂವು ಬರುತ್ತವೆ. ಈ ಬೆಳೆಗಳಿಂದ ಕಾಯಿ, ಕಾಳು, ಹಣ್ಣು ದೊರೆಯುವುದರ ಜೊತೆಗೆ ಅಪಾರ ಪ್ರಮಾಣದ ತೆಂಗಿನ ಗರಿ, ಕಾಯಿ ಮಟ್ಟೆ, ನಾರಿನ ಪುಡಿ, ಅಡಿಕೆ ಸಿಪ್ಪೆ, ಅಡಿಕೆ ಹಾಳೆ, ರಾಗಿ ಹುಲ್ಲು ಮತ್ತು ಮಾರುಕಟ್ಟೆಯ ಕಸವೂ ದೊರೆಯುತ್ತದೆ. ಹುಲ್ಲು ದನಗಳ ಪಾಲಾಗುತ್ತದೆ. ಉಳಿದುದರಲ್ಲಿ ಬಹುಭಾಗ ತೋಟದ ಅಂಚಿನಲ್ಲಿ ಬಿದ್ದಿರುತ್ತದೆ, ಇಲ್ಲವೇ ಬೆಂಕಿಗೆ ಆಹುತಿಯಾಗುತ್ತದೆ. ಇಲ್ಲಿಯ ಕೆಂಪು ಮರಳು ಮಿಶ್ರಿತ ಭೂಮಿಗೆ ಅತ್ಯಗತ್ಯವಾದ ಸಾವಯವ ಅಂಶ ಹೀಗೆ ಹೊಗೆಯಾಗಿ ಹೋಗುತ್ತದೆ.

ಸುಡುವುದಕ್ಕೆ ರೈತರು ಕೊಡುವ ಕಾರಣ ಒಂದೇ: "ಇದು ಕೊಳೆಯುವುದಿಲ್ಲ." ಈ ಮಾತು ಪೂರ್ತಿ ಸುಳ್ಳಲ್ಲ. ಅಕ್ಕಪಕ್ಕದ ಎರಡು ತೋಟಗಳಲ್ಲಿ ಒಂದೇ ಬಗೆಯ ಕಸದಿಂದ ಹಾಕಿದ ಎರಡು ರಾಶಿಗಳಲ್ಲಿ ಒಂದು ನಾಲ್ಕು ತಿಂಗಳಿಗೆ ಕಪ್ಪು ಗೊಬ್ಬರವಾಗುತ್ತದೆ. ಇನ್ನೊಂದು ಎರಡು ವರ್ಷವಾದರೂ ಹಾಕಿದಂತೆಯೇ ಇರುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಕಣ್ಣಿಗೆ ಕಾಣದ ಕಿಣ್ವಗಳ ಕೆಲಸದಲ್ಲಿದೆ. ಆ ಕೆಲಸವನ್ನು ಬಹುಮಟ್ಟಿಗೆ ನಿರ್ಧರಿಸುವುದು ಹುಳಿ ಮತ್ತು ಕಾವು. ದನದ ಹೊಟ್ಟೆಯಲ್ಲಿ ಹುಲ್ಲು ಜೀರ್ಣವಾಗುವುದೂ ಇದೇ ನಿಯಮದಂತೆ. ಆದುದರಿಂದ ತಿಪ್ಪೆ ಮತ್ತು ಕೊಟ್ಟಿಗೆ ಎರಡನ್ನೂ ನೋಡಿಕೊಳ್ಳುವ ರೈತರು ಈ ನಿಯಮವನ್ನು ಅರಿಯುವುದು ಲಾಭದಾಯಕ.

ಸೆಲ್ಯುಲೋಸ್ ಎಂದರೇನು?

ಗಿಡಮರಗಳ ನಾರಿನ ಮುಖ್ಯ ವಸ್ತು ಸೆಲ್ಯುಲೋಸ್. ಇದು ಗ್ಲೂಕೋಸ್ ಎಂಬ ಸಕ್ಕರೆಯ ಸಾವಿರಾರು ಕಣಗಳು ಒಂದಕ್ಕೊಂದು ಕೊಂಡಿಯಾಗಿ ಸೇರಿ ಆದ ಉದ್ದನೆಯ ಸರಪಳಿ. ರಾಗಿ ಕಾಳಿನಲ್ಲಿರುವ ಪಿಷ್ಟವೂ ಗ್ಲೂಕೋಸಿನ ಸರಪಳಿಯೇ. ಹಾಗಿದ್ದರೂ ರಾಗಿ ಮುದ್ದೆ ಮನುಷ್ಯನಿಗೆ ಆಹಾರ, ರಾಗಿ ಹುಲ್ಲು ಆಹಾರವಲ್ಲ. ಇದಕ್ಕೆ ಕಾರಣ ಕೊಂಡಿಯ ರೀತಿ. ಪಿಷ್ಟದ ಕೊಂಡಿ ಒಂದು ಬಗೆಯಾದರೆ ಸೆಲ್ಯುಲೋಸಿನ ಕೊಂಡಿ ಇನ್ನೊಂದು ಬಗೆ. ಪಿಷ್ಟದ ಕೊಂಡಿಯನ್ನು ಬಿಡಿಸುವ ಕಿಣ್ವ ಮನುಷ್ಯನ ಜೊಲ್ಲಿನಲ್ಲಿಯೇ ಇದೆ. ಸೆಲ್ಯುಲೋಸಿನ ಕೊಂಡಿಯನ್ನು ಬಿಡಿಸುವ ಕಿಣ್ವವನ್ನು ಮನುಷ್ಯನ ದೇಹ ತಯಾರಿಸುವುದಿಲ್ಲ. ದನದ ದೇಹವೂ ತಯಾರಿಸುವುದಿಲ್ಲ. ಆ ಕೆಲಸ ಸೂಕ್ಷ್ಮಜೀವಿಗಳದು.

ಸೆಲ್ಯುಲೋಸಿನ ಸರಪಳಿಗಳು ಬಿಡಿಬಿಡಿಯಾಗಿರದೆ, ಹಗ್ಗದ ಎಳೆಗಳಂತೆ ಒತ್ತಾಗಿ ಕೂಡಿಕೊಂಡಿರುತ್ತವೆ. ಅವುಗಳ ನಡುವೆ ಹೆಮಿಸೆಲ್ಯುಲೋಸ್ ಮತ್ತು ಸುತ್ತಲೂ ಲಿಗ್ನಿನ್ ಎಂಬ ಗಟ್ಟಿ ವಸ್ತು ಇರುತ್ತದೆ. ಗೋಡೆಯ ಗಾರೆಯಂತೆ ಲಿಗ್ನಿನ್ ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ. ಎಳೆಯ ಹಸುರು ಸೊಪ್ಪಿನಲ್ಲಿ ಲಿಗ್ನಿನ್ ಕಡಿಮೆ. ಹುಲ್ಲಿನಲ್ಲಿ ಅದಕ್ಕಿಂತ ಹೆಚ್ಚು. ತೆಂಗಿನ ನಾರಿನ ಪುಡಿಯಲ್ಲಿ ಸುಮಾರು ಶೇಕಡಾ 30ರಷ್ಟಿರುತ್ತದೆ. ಸೊಪ್ಪು ಬೇಗ ಕೊಳೆಯುವುದಕ್ಕೂ ನಾರಿನ ಪುಡಿ ವರ್ಷಗಟ್ಟಲೆ ಉಳಿಯುವುದಕ್ಕೂ ಇದು ಮೊದಲ ಕಾರಣ.

ಮೂರು ಕಿಣ್ವಗಳ ಕೂಡು ಕೆಲಸ

ಸೆಲ್ಯುಲೋಸನ್ನು ಕರಗಿಸುವ ಕಿಣ್ವಗಳಿಗೆ ಒಟ್ಟಾಗಿ ಸೆಲ್ಯುಲೇಸ್ ಎಂದು ಹೆಸರು. ಇದರಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಸರಪಳಿಯನ್ನು ನಡುವೆ ಅಲ್ಲಲ್ಲಿ ಕತ್ತರಿಸುತ್ತದೆ. ಎರಡನೆಯದು ಹಾಗೆ ಕತ್ತರಿಸಿದ ತುದಿಗಳನ್ನು ಹಿಡಿದು ಎರಡೆರಡು ಗ್ಲೂಕೋಸ್ ಕಣಗಳ ತುಂಡುಗಳನ್ನು ಬಿಡಿಸುತ್ತ ಹೋಗುತ್ತದೆ. ಈ ಜೋಡಿ ತುಂಡಿಗೆ ಸೆಲ್ಲೊಬಯೋಸ್ ಎನ್ನುತ್ತಾರೆ. ಮೂರನೆಯದು ಸೆಲ್ಲೊಬಯೋಸನ್ನು ಒಡೆದು ಗ್ಲೂಕೋಸ್ ಮಾಡುತ್ತದೆ. ಮೂರನೆಯ ಕಿಣ್ವದ ಕೆಲಸ ಹಿಂದೆ ಬಿದ್ದರೆ ಸೆಲ್ಲೊಬಯೋಸ್ ಕೂಡಿಕೊಂಡು, ಮೊದಲಿನ ಎರಡರ ಕೆಲಸಕ್ಕೂ ತಡೆಯಾಗುತ್ತದೆ. ಕಣದಲ್ಲಿ ತೂರಿದ ಕಾಳನ್ನು ತುಂಬಿ ಸಾಗಿಸುವವರಿಲ್ಲದಿದ್ದರೆ ತೂರುವ ಕೆಲಸವೂ ನಿಲ್ಲುವಂತೆ ಇದು.

ಈ ಕಿಣ್ವಗಳ ಶಕ್ತಿಯನ್ನು ಜಗತ್ತು ಸ್ಪಷ್ಟವಾಗಿ ಕಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಬಿಸಿ, ತೇವದ ಹವೆಯಲ್ಲಿ ಅಮೆರಿಕದ ಸೈನ್ಯದ ಹತ್ತಿ ಡೇರೆಗಳು ಬೇಗನೆ ಜೀರ್ಣವಾಗಿ ಹರಿಯುತ್ತಿದ್ದವು. ಅಂತಹ ಬಟ್ಟೆಯಿಂದ ಬೇರ್ಪಡಿಸಿದ ಒಂದು ಶಿಲೀಂಧ್ರವನ್ನು ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ಎಂಬ ವಿಜ್ಞಾನಿಗಳು ಮುಂದೆ ದೀರ್ಘಕಾಲ ಅಧ್ಯಯನ ಮಾಡಿದರು. ರೀಸ್ ಅವರ ಗೌರವಾರ್ಥ ಅದಕ್ಕೆ ಟ್ರೈಕೊಡರ್ಮ ರೀಸಿ ಎಂಬ ಹೆಸರು ಬಂದಿದೆ. ಇಂದು ಬಟ್ಟೆ, ಕಾಗದ ಮುಂತಾದ ಕೈಗಾರಿಕೆಗಳು ಬಳಸುವ ಸೆಲ್ಯುಲೇಸ್ ಕಿಣ್ವದ ಮುಖ್ಯ ಮೂಲಗಳಲ್ಲಿ ಇದೂ ಒಂದು. ರೈತರು ಬೀಜೋಪಚಾರಕ್ಕೂ ಗೊಬ್ಬರದ ರಾಶಿಗೂ ಬಳಸುವ ಟ್ರೈಕೊಡರ್ಮ ಇದರ ಸೋದರ ಪ್ರಭೇದ.

ಹುಳಿಯ ಪ್ರಭಾವ

ಹುಳಿ ಅಥವಾ ಕ್ಷಾರದ ಮಟ್ಟವನ್ನು ರಸಸಾರ ಎಂಬ ಅಳತೆಯಿಂದ ತಿಳಿಯುತ್ತಾರೆ. ರಸಸಾರ 7 ಇದ್ದರೆ ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿತೆಂದು ಅರ್ಥ. ರಸಸಾರ 7ರಿಂದ 5ಕ್ಕೆ ಇಳಿದರೆ ಹುಳಿ ನೂರು ಪಟ್ಟಾಗುತ್ತದೆ. ಆದುದರಿಂದ ಒಂದೆರಡು ಅಂಕಿಯ ವ್ಯತ್ಯಾಸವನ್ನು ಅಲ್ಪವೆಂದು ಭಾವಿಸಬಾರದು.

ಕಿಣ್ವ ಒಂದು ಸಸಾರಜನಕ ವಸ್ತು. ಉದ್ದನೆಯ ದಾರವನ್ನು ನಿರ್ದಿಷ್ಟ ರೀತಿಯಲ್ಲಿ ಮಡಿಸಿಟ್ಟಂತೆ ಅದರ ಆಕಾರ. ಆ ಮಡಿಕೆಯೊಳಗೆ ಒಂದು ಬಿರುಕಿದ್ದು, ಸೆಲ್ಯುಲೋಸಿನ ಸರಪಳಿ ಅಲ್ಲಿ ಬಂದು ಕೂರುತ್ತದೆ. ಬಿರುಕಿನ ಎರಡು ಬದಿಗಳಲ್ಲಿ ಎರಡು ಆಮ್ಲ ಗುಂಪುಗಳಿವೆ. ಒಂದು ಹುಳಿಯ ಕಣವನ್ನು ಕೊಂಡಿಗೆ ಕೊಡಬೇಕು. ಇನ್ನೊಂದು ಹುಳಿಯ ಕಣವಿಲ್ಲದೆ ಬರಿದಾಗಿರಬೇಕು. ಆಗ ಮಾತ್ರ ಕೊಂಡಿ ಮುರಿಯುತ್ತದೆ. ಹುಳಿ ಅತಿಯಾದರೆ ಎರಡೂ ಗುಂಪುಗಳು ಹುಳಿಯ ಕಣವನ್ನು ಹಿಡಿದುಕೊಳ್ಳುತ್ತವೆ. ಕ್ಷಾರ ಅತಿಯಾದರೆ ಎರಡೂ ಬರಿದಾಗುತ್ತವೆ. ಎರಡು ಸಂದರ್ಭಗಳಲ್ಲಿಯೂ ಕೆಲಸ ನಿಲ್ಲುತ್ತದೆ. ಪ್ರತಿ ಕಿಣ್ವಕ್ಕೂ ತನ್ನದೇ ಆದ ಹಿತವಾದ ರಸಸಾರ ಇರುವುದಕ್ಕೆ ಇದೇ ಕಾರಣ.

ಶಿಲೀಂಧ್ರಗಳ ಸೆಲ್ಯುಲೇಸಿಗೆ ಸಾಮಾನ್ಯವಾಗಿ 4.5ರಿಂದ 5.5ರವರೆಗಿನ ಹುಳಿ ಹಿತ. ಟ್ರೈಕೊಡರ್ಮದ ಸೆಲ್ಯುಲೇಸನ್ನು ಪ್ರಯೋಗಶಾಲೆಗಳಲ್ಲಿ ಅಳೆಯುವುದು 4.8 ರಸಸಾರದಲ್ಲಿ. ಬ್ಯಾಕ್ಟೀರಿಯಗಳ ಸೆಲ್ಯುಲೇಸಿಗೆ ಬಹುತೇಕ 6ರಿಂದ 7ರ ಆಸುಪಾಸು ಹಿತ. ಹೀಗಾಗಿ ರಾಶಿಯ ಹುಳಿ ಬದಲಾದಂತೆ ಕೆಲಸಗಾರರೂ ಬದಲಾಗುತ್ತಾರೆ.

ಕಾವಿನ ಪ್ರಭಾವ

ಕಾವು ಏರಿದಂತೆ ಕಿಣ್ವದ ಕೆಲಸ ಚುರುಕಾಗುತ್ತದೆ. ಪ್ರತಿ 10 ಡಿಗ್ರಿ ಸೆಂಟಿಗ್ರೇಡ್ ಏರಿಕೆಗೆ ಕೆಲಸ ಸುಮಾರಾಗಿ ಎರಡು ಪಟ್ಟಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಈ ಲೆಕ್ಕದಂತೆ 20 ಡಿಗ್ರಿಯಲ್ಲಿ ನಡೆಯುವ ಕೆಲಸ 30ರಲ್ಲಿ ಎರಡು ಪಟ್ಟು, 40ರಲ್ಲಿ ನಾಲ್ಕು ಪಟ್ಟು ಆಗಬೇಕು. ಆದರೆ ಈ ಏರಿಕೆಗೆ ಒಂದು ಮಿತಿಯುಂಟು. ಕಾವು ಅತಿಯಾದಾಗ ಕಿಣ್ವದ ಮಡಿಕೆ ಬಿಚ್ಚಿಹೋಗುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಭಾಗ ಮತ್ತೆ ನೀರಾಗದಂತೆ, ಹಾಗೆ ಕೆಟ್ಟ ಕಿಣ್ವ ತಣ್ಣಗಾದರೂ ಸಾಮಾನ್ಯವಾಗಿ ಮೊದಲಿನಂತಾಗುವುದಿಲ್ಲ. ಟ್ರೈಕೊಡರ್ಮದ ಸೆಲ್ಯುಲೇಸ್ ಸುಮಾರು 50 ಡಿಗ್ರಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. 60 ಡಿಗ್ರಿ ದಾಟಿದರೆ ಬೇಗ ಶಕ್ತಿಗುಂದುತ್ತದೆ.

ಹುಳಿ ಮತ್ತು ಕಾವು ಒಂದಕ್ಕೊಂದು ಸಂಬಂಧವಿಲ್ಲದವಲ್ಲ. ಹಿತವಾದ ರಸಸಾರದಲ್ಲಿ ಕಿಣ್ವ ಹೆಚ್ಚು ಕಾವನ್ನು ತಾಳುತ್ತದೆ. ರಸಸಾರ ಹಿತದಿಂದ ದೂರ ಸರಿದಿದ್ದರೆ ಅದೇ ಕಾವಿನಲ್ಲಿ ಬೇಗ ಕೆಡುತ್ತದೆ.

ಕುಡುಗೋಲು ಬೇರೆ, ಕಮ್ಮಾರ ಬೇರೆ

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಕಿಣ್ವಕ್ಕೆ ಹಿತವಾದುದೆಲ್ಲ ಅದನ್ನು ತಯಾರಿಸುವ ಜೀವಿಗೆ ಹಿತವಲ್ಲ. ಟ್ರೈಕೊಡರ್ಮದ ಕಿಣ್ವ 50 ಡಿಗ್ರಿಯಲ್ಲಿ ಚುರುಕು. ಆದರೆ ಟ್ರೈಕೊಡರ್ಮ ಶಿಲೀಂಧ್ರ ಚೆನ್ನಾಗಿ ಬೆಳೆಯುವುದು 25ರಿಂದ 30 ಡಿಗ್ರಿಯಲ್ಲಿ. 50 ಡಿಗ್ರಿಯಲ್ಲಿ ಅದು ಬೆಳೆಯಲಾರದು. ಕಿಣ್ವವನ್ನು ಕುಡುಗೋಲಿಗೆ, ಸೂಕ್ಷ್ಮಜೀವಿಯನ್ನು ಕಮ್ಮಾರನಿಗೆ ಹೋಲಿಸಬಹುದು. ಕಮ್ಮಾರನಿಲ್ಲದ ಊರಿನಲ್ಲಿ ಇರುವ ಕುಡುಗೋಲು ಸವೆಯುವ ತನಕ ಮಾತ್ರ ಕೊಯ್ಲು ನಡೆದೀತು.

ಈ ಭೇದವನ್ನು ಅರಿಯದೆ ಹಣ ಕಳೆದುಕೊಳ್ಳುವವರು ಬಹಳ. ಕೊಂಡು ತಂದ ಟ್ರೈಕೊಡರ್ಮ ಪುಡಿಯನ್ನು ರಾಶಿ ಹಾಕಿದ ದಿನವೇ ಬೆರೆಸುತ್ತಾರೆ. ಮೂರು ನಾಲ್ಕು ದಿನಗಳಲ್ಲಿ ರಾಶಿಯ ಒಳಗಿನ ಕಾವು 55 ಡಿಗ್ರಿ ದಾಟುತ್ತದೆ. ಕೊಟ್ಟ ಹಣ ಅಲ್ಲಿಗೆ ಬೂದಿ. ಅದೇ ಪುಡಿಯನ್ನು ರಾಶಿ ತಣಿದು 35 ಡಿಗ್ರಿಗೆ ಇಳಿದ ಮೇಲೆ ಹಾಕಿದರೆ ಶಿಲೀಂಧ್ರ ಹಬ್ಬಿ ಉಳಿದ ನಾರನ್ನು ಕರಗಿಸುತ್ತದೆ.

ಬಿಸಿಯಲ್ಲಿಯೇ ಬೆಳೆಯುವ ಸೂಕ್ಷ್ಮಜೀವಿಗಳೂ ಪ್ರಕೃತಿಯಲ್ಲಿವೆ. ಅವುಗಳನ್ನು ಹಣ ಕೊಟ್ಟು ತರಬೇಕಾಗಿಲ್ಲ. ಸಗಣಿ, ಮಣ್ಣು, ಹಳೆಯ ಗೊಬ್ಬರದಲ್ಲಿಯೇ ಇರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ್ ಮಹೇಶ್ವರಿ ಮತ್ತು ಸಹೋದ್ಯೋಗಿಗಳು ಇಂತಹ ಉಷ್ಣಪ್ರಿಯ ಶಿಲೀಂಧ್ರಗಳನ್ನೂ ಅವುಗಳ ಕಿಣ್ವಗಳನ್ನೂ ಅಭ್ಯಾಸ ಮಾಡಿ, 2000ದಲ್ಲಿ ಈ ವಿಷಯದ ಸಮಗ್ರ ವಿಮರ್ಶೆಯನ್ನು ಪ್ರಕಟಿಸಿದರು. ಈ ಶಿಲೀಂಧ್ರಗಳು 50 ಡಿಗ್ರಿಯಲ್ಲಿಯೂ ಬೆಳೆಯಬಲ್ಲವು. ಆದರೆ ಸುಮಾರು 60ರಿಂದ 62 ಡಿಗ್ರಿ ಅವುಗಳಿಗೂ ಕೊನೆಯ ಗಡಿ. ಅದಕ್ಕೂ ಮೀರಿದ ಕಾವಿನಲ್ಲಿ ಉಳಿಯುವುದು ಕೆಲವು ಬ್ಯಾಕ್ಟೀರಿಯಗಳು ಮಾತ್ರ.

ತಿಪ್ಪೆಯ ನಾಲ್ಕು ಹಂತಗಳು

ಸರಿಯಾಗಿ ಹಾಕಿದ ರಾಶಿ ನಾಲ್ಕು ಹಂತಗಳನ್ನು ದಾಟುತ್ತದೆ.

1. ಹುಳಿಯುವ ಹಂತ: ಮೊದಲ ಎರಡು ಮೂರು ದಿನ. ಸಕ್ಕರೆ, ಪಿಷ್ಟ ಮುಂತಾದ ಸುಲಭ ವಸ್ತುಗಳು ಕರಗಿ ಸಾವಯವ ಆಮ್ಲಗಳಾಗುತ್ತವೆ. ರಸಸಾರ 5ರ ಸಮೀಪಕ್ಕೆ ಇಳಿಯಬಹುದು. ಕಾವು 40 ಡಿಗ್ರಿಯವರೆಗೆ ಏರುತ್ತದೆ.

2. ಕಾವಿನ ಹಂತ: ಗಾಳಿಯಾಡಿದರೆ ಆಮ್ಲಗಳು ಉರಿದು ಹೋಗುತ್ತವೆ. ಸಸಾರಜನಕ ವಸ್ತುಗಳಿಂದ ಅಮೋನಿಯ ಹುಟ್ಟಿ ರಸಸಾರ 8ರವರೆಗೆ ಏರುತ್ತದೆ. ಕಾವು 45ರಿಂದ 65 ಡಿಗ್ರಿ. ಉಷ್ಣಪ್ರಿಯ ಜೀವಿಗಳು ನಾರನ್ನು ಬಿರುಸಿನಿಂದ ಕರಗಿಸುವುದು ಈಗಲೇ.

3. ತಣಿಯುವ ಹಂತ: ಕಾವು 40 ಡಿಗ್ರಿಗಿಂತ ಕೆಳಗೆ ಬರುತ್ತದೆ. ಶಿಲೀಂಧ್ರಗಳು ಅಂಚಿನಿಂದ ಒಳಗೆ ಹಬ್ಬಿ, ಉಳಿದ ಸೆಲ್ಯುಲೋಸನ್ನೂ ಲಿಗ್ನಿನನ್ನೂ ನಿಧಾನವಾಗಿ ಕರಗಿಸುತ್ತವೆ.

4. ಮಾಗುವ ಹಂತ: ರಸಸಾರ 7ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗೊಬ್ಬರಕ್ಕೆ ಕಪ್ಪು ಬಣ್ಣ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ.

ಕೊಳೆಯದ ರಾಶಿಯೆಂದರೆ ಈ ಹಂತಗಳಲ್ಲಿ ಎಲ್ಲಿಯೋ ಸಿಕ್ಕಿಕೊಂಡ ರಾಶಿ. ಎಲ್ಲಿ ಸಿಕ್ಕಿದೆ ಎಂದು ತಿಳಿದರೆ ಪರಿಹಾರವೂ ತಿಳಿಯುತ್ತದೆ.

ಗುಬ್ಬಿ ಸೀಮೆಯ ತೋಟಗಳಲ್ಲಿ

ತೆಂಗು, ಅಡಿಕೆಯ ಕಸದಿಂದ ಹಾಕಿದ ರಾಶಿ ಸಾಮಾನ್ಯವಾಗಿ ಮೊದಲ ಹಂತವನ್ನೇ ದಾಟುವುದಿಲ್ಲ. ಕಾರಣಗಳು ಮೂರು: ಕಸ ಒಣಗಿರುತ್ತದೆ, ಸಾರಜನಕ ತೀರ ಕಡಿಮೆ, ರಾಶಿ ಚಿಕ್ಕದಾಗಿ ಕಾವು ನಿಲ್ಲುವುದಿಲ್ಲ. ನಾರಿನ ಪುಡಿಯಲ್ಲಿ ಒಂದು ಭಾಗ ಸಾರಜನಕಕ್ಕೆ ನೂರಕ್ಕೂ ಹೆಚ್ಚು ಭಾಗ ಇಂಗಾಲವಿರುತ್ತದೆ. ಕಿಣ್ವ ಸಸಾರಜನಕ ವಸ್ತುವಾದುದರಿಂದ ಸಾರಜನಕವಿಲ್ಲದೆ ಕಿಣ್ವವಿಲ್ಲ. 30 ಭಾಗ ಇಂಗಾಲಕ್ಕೆ 1 ಭಾಗ ಸಾರಜನಕ ಇರುವಂತೆ ಕಸವನ್ನು ಹೊಂದಿಸಿಕೊಂಡರೆ ಕೆಲಸ ಚೆನ್ನಾಗಿ ನಡೆಯುತ್ತದೆ.

ಗರಿ, ಹಾಳೆಗಳನ್ನು 5ರಿಂದ 10 ಸೆಂ.ಮೀ. ಉದ್ದಕ್ಕೆ ಕತ್ತರಿಸಬೇಕು. ಕತ್ತರಿಸಿದಷ್ಟೂ ಕಿಣ್ವಕ್ಕೆ ಸಿಗುವ ಮೈ ಹೆಚ್ಚುತ್ತದೆ. ಅಡಿಕೆ ಸಿಪ್ಪೆಯನ್ನು ಒಂದು ದಿನ ನೀರಿನಲ್ಲಿ ನೆನೆಸುವುದು ಒಳ್ಳೆಯದು. ಒಣ ಕಸದ ಪದರ, ಅದರ ಮೇಲೆ ಗ್ಲಿರಿಸಿಡಿಯ ಅಥವಾ ಹೊಂಗೆಯ ಹಸುರು ಸೊಪ್ಪು, ಅದರ ಮೇಲೆ ಸಗಣಿ ಬಗ್ಗಡ, ಒಂದು ಹಿಡಿ ಹಳೆಯ ಗೊಬ್ಬರ, ಹೀಗೆ ಪದರ ಪದರವಾಗಿ ಹಾಕಬೇಕು. ಗಂಜಲ ಸಿಕ್ಕಿದಷ್ಟನ್ನೂ ಸುರಿಯಬೇಕು. ರಾಶಿಯ ಅಗಲ ಒಂದೂವರೆಯಿಂದ ಎರಡು ಮೀಟರ್, ಎತ್ತರ ಒಂದೂಕಾಲು ಮೀಟರಿಗೆ ಕಡಿಮೆಯಿಲ್ಲದಂತೆ ಇರಲಿ, ಉದ್ದ ಅನುಕೂಲದಂತೆ. ಇದಕ್ಕಿಂತ ತಗ್ಗಾದ ರಾಶಿಯಲ್ಲಿ ಹುಟ್ಟಿದ ಕಾವೆಲ್ಲ ಗಾಳಿಗೆ ಹೋಗುತ್ತದೆ. ಬಹಳ ಎತ್ತರವಾದರೆ ತಳ ಒತ್ತಿಕೊಂಡು ಗಾಳಿಯಾಡದೆ ಹುಳಿಯುತ್ತದೆ. 15 ಅಥವಾ 20 ದಿನಕ್ಕೊಮ್ಮೆ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಮಗುಚಬೇಕು.

ತೆಂಗಿನ ತೋಟದಲ್ಲಿ ಕಾವಿನಿಂದ ಇನ್ನೊಂದು ಉಪಕಾರವಿದೆ. ಸುಳಿ ಕೊರೆಯುವ ರೈನೋಸರಸ್ ದುಂಬಿ ಮೊಟ್ಟೆಯಿಡುವುದು ತಣ್ಣಗೆ ಬಿದ್ದಿರುವ ತಿಪ್ಪೆ ಮತ್ತು ಕೊಳೆತ ಮರದ ಬೊಡ್ಡೆಗಳಲ್ಲಿ. ಕಾವು ಏರಿದ, ಆಗಾಗ ಮಗುಚಿದ ರಾಶಿಯಲ್ಲಿ ಅದರ ಮರಿಹುಳುಗಳಿಗೆ ನೆಲೆ ಸಿಗುವುದು ಕಷ್ಟ. ಮಗುಚುವಾಗ ಅಂಚಿನಲ್ಲಿ ಕಂಡ ದಪ್ಪ ಬಿಳಿ ಹುಳುಗಳನ್ನು ಆರಿಸಿ ಕೊಲ್ಲಬೇಕು. ಬಹುತೇಕ ಕಳೆ ಬೀಜಗಳೂ ರೋಗಾಣುಗಳೂ 55 ಡಿಗ್ರಿಯಲ್ಲಿ ಕೆಲವು ದಿನ ಸಿಕ್ಕಿದರೆ ನಾಶವಾಗುತ್ತವೆ.

ನಾರಿನ ಪುಡಿಗೆ ಮಾತ್ರ ಬೇರೆ ವಿಧಾನ. ಇದರ ಲಿಗ್ನಿನನ್ನು ಕರಗಿಸುವ ಚಿಪ್ಪಣಬೆಯ ಜಾತಿಯ ಶಿಲೀಂಧ್ರ ಕಾವನ್ನು ತಾಳುವುದಿಲ್ಲ. ಕಾಯರ್ ಮಂಡಳಿಯು ಈ ಶಿಲೀಂಧ್ರವನ್ನು ಪಿತ್‌ಪ್ಲಸ್ ಎಂಬ ಹೆಸರಿನಲ್ಲಿ ಬಳಕೆಗೆ ತಂದಿದೆ. ಒಂದು ಟನ್ ಪುಡಿಗೆ 5 ಕಿ.ಗ್ರಾಂ. ಯೂರಿಯ ಮತ್ತು 2 ಕಿ.ಗ್ರಾಂ. ಪಿತ್‌ಪ್ಲಸ್ ಬೇಕು. ನೆರಳಿನಲ್ಲಿ 5 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗದಲ್ಲಿ 100 ಕಿ.ಗ್ರಾಂ. ಪುಡಿಯನ್ನು ತೆಳುವಾಗಿ ಹರಡಿ 400 ಗ್ರಾಂ ಪಿತ್‌ಪ್ಲಸ್ ಉದುರಿಸಬೇಕು. ಅದರ ಮೇಲೆ ಇನ್ನೊಂದು 100 ಕಿ.ಗ್ರಾಂ. ಪುಡಿ ಹರಡಿ 1 ಕಿ.ಗ್ರಾಂ. ಯೂರಿಯ ಹಾಕಬೇಕು. ಹೀಗೆ ಒಂದು ಟನ್ ಮುಗಿಯುವವರೆಗೆ ಮಾಡಿ, ಪುಡಿ ಚೆನ್ನಾಗಿ ಒದ್ದೆಯಾಗಿರುವಂತೆ ನೀರು ಚಿಮುಕಿಸುತ್ತಿರಬೇಕು. ಸುಮಾರು 30 ದಿನಗಳಲ್ಲಿ ಪುಡಿ ಕಪ್ಪಾಗುತ್ತದೆ. ತೆಳು ಪದರ, ನೆರಳು, ತೇವ, ಈ ಮೂರೂ ಶಿಲೀಂಧ್ರಕ್ಕೆ ಬೇಕಾದ ತಂಪನ್ನು ಕಾಯುವ ಉಪಾಯಗಳು. ಬಿಸಿಲಿನಲ್ಲಿ ಎತ್ತರದ ರಾಶಿ ಹಾಕಿ ಅದೇ ಶಿಲೀಂಧ್ರವನ್ನು ಬೆರೆಸಿದರೆ ಫಲ ಸಿಗದು.

ಕುಣಿಗಲ್ ಸೀಮೆಯ ಕೊಟ್ಟಿಗೆಗಳಲ್ಲಿ

ಹಸು, ಎಮ್ಮೆಗಳ ಮೊದಲ ಹೊಟ್ಟೆಗೆ ರೂಮೆನ್ ಎಂದು ಹೆಸರು. ಅದೊಂದು ಗಾಳಿಯಿಲ್ಲದ, ಸದಾ 38ರಿಂದ 40 ಡಿಗ್ರಿ ಕಾವಿರುವ ತಿಪ್ಪೆಯೆಂದೇ ತಿಳಿಯಬಹುದು. ಅಲ್ಲಿ ಕಾವಿನ ತೊಂದರೆಯಿಲ್ಲ. ತೊಂದರೆ ಬರುವುದು ಹುಳಿಯಿಂದ. ಹುಲ್ಲು ತಿನ್ನುವ ದನದ ರೂಮೆನ್ನಿನ ರಸಸಾರ 6.2ರಿಂದ 6.8ರವರೆಗೆ ಇರುತ್ತದೆ. ರಸಸಾರ 6ಕ್ಕಿಂತ ಕೆಳಗೆ ಇಳಿದರೆ ನಾರು ಕರಗಿಸುವ ಬ್ಯಾಕ್ಟೀರಿಯಗಳು ಬೆಳೆಯಲಾರವು. ಇಲ್ಲಿಯೂ ಕುಡುಗೋಲಿಗಿಂತ ಮೊದಲು ಸೋಲುವವನು ಕಮ್ಮಾರನೇ.

ಹುಳಿಯನ್ನು ತಡೆಯುವ ವ್ಯವಸ್ಥೆ ದನದ ಬಾಯಲ್ಲಿಯೇ ಇದೆ. ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಮೀರಿ ಜೊಲ್ಲು ಸುರಿಸುತ್ತದೆ. ಆ ಜೊಲ್ಲಿನಲ್ಲಿ ಅಡಿಗೆ ಸೋಡಾದ ಅಂಶವಿರುತ್ತದೆ. ಜೊಲ್ಲು ಹೆಚ್ಚುವುದು ಮೆಲುಕು ಹಾಕಿದಾಗ. ಮೆಲುಕು ಹೆಚ್ಚುವುದು ಹುಲ್ಲು ತಿಂದಾಗ. ಹಾಲು ಹೆಚ್ಚಲೆಂದು ಹುಲ್ಲು ಕಡಿಮೆ ಮಾಡಿ ಹಿಂಡಿ, ಜೋಳದ ನುಚ್ಚು, ರಾಗಿ ಹಿಟ್ಟನ್ನು ಒಮ್ಮೆಲೇ ಸುರಿದರೆ ಎರಡು ನಷ್ಟಗಳಾಗುತ್ತವೆ. ಪಿಷ್ಟ ಬೇಗ ಆಮ್ಲವಾಗುತ್ತದೆ, ಜೊಲ್ಲೂ ಕಡಿಮೆಯಾಗುತ್ತದೆ. ತತ್ಪರಿಣಾಮವಾಗಿ ತಿಂದ ಹುಲ್ಲು ಜೀರ್ಣವಾಗದೆ ಸಗಣಿಯಲ್ಲಿ ಹೋಗುತ್ತದೆ. ಹಾಲಿನ ಜಿಡ್ಡೂ ಇಳಿಯುತ್ತದೆ. ಮೊದಲು ಹುಲ್ಲು ಕೊಟ್ಟು ಅನಂತರ ಹಿಂಡಿ ಕೊಡುವುದು, ಹಿಂಡಿಯನ್ನು ಎರಡು ಮೂರು ಹೊತ್ತಿಗೆ ಹಂಚುವುದು, ಮೇವು ಬದಲಿಸುವಾಗ ಎರಡು ವಾರ ಕಾಲ ಸ್ವಲ್ಪ ಸ್ವಲ್ಪವಾಗಿ ಬದಲಿಸುವುದು ಇದಕ್ಕೆ ಪರಿಹಾರ.

ಕಣದಲ್ಲಿ ಹಗ್ಗ ಬಿಚ್ಚಿಕೊಂಡು ರಾಗಿ ರಾಶಿಗೆ ಬಾಯಿ ಹಾಕಿದ ಹಸು, ಮದುವೆ ಮನೆಯಲ್ಲಿ ಮಿಕ್ಕ ಅನ್ನ ಪಾಯಸ ತಿಂದ ಎಮ್ಮೆ ಮರುದಿನ ಮಲಗಿ ಏಳದೆ ಹೋಗುವುದು ಹಳ್ಳಿಗಳಲ್ಲಿ ಆಗಾಗ ನಡೆಯುವ ದುರಂತ. ರಸಸಾರ 5ರ ಸಮೀಪಕ್ಕೆ ಕುಸಿದು ಹುಳಿ ರಕ್ತಕ್ಕೇರಿದಾಗ ದನ ಸಾಯಬಹುದು. ಮೆಲುಕು ನಿಲ್ಲುವುದು, ಹುಳಿ ವಾಸನೆಯ ತೆಳು ಸಗಣಿ, ತೂರಾಟ ಇದರ ಚಿಹ್ನೆಗಳು. ಕಾಳು ತಿಂದದ್ದು ಗೊತ್ತಾದ ಕೂಡಲೇ, ಚಿಹ್ನೆ ಕಾಣುವವರೆಗೆ ಕಾಯದೆ, ಪಶುವೈದ್ಯರನ್ನು ಕರೆಯಬೇಕು.

ರಾಗಿ ಹುಲ್ಲಿನ ಜೀರ್ಣತೆಯನ್ನು ಹೆಚ್ಚಿಸಲು ಯೂರಿಯ ಉಪಚಾರ ಮಾಡಬಹುದು. 100 ಕಿ.ಗ್ರಾಂ. ಒಣ ಹುಲ್ಲಿಗೆ 4 ಕಿ.ಗ್ರಾಂ. ಯೂರಿಯವನ್ನು 50ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ಯೂರಿಯದಿಂದ ಹುಟ್ಟುವ ಅಮೋನಿಯ ಕ್ಷಾರ ಗುಣದ್ದು. ಅದು ಲಿಗ್ನಿನ್ನಿನ ಹಿಡಿತವನ್ನು ಸಡಿಲಿಸಿ ಕಿಣ್ವಕ್ಕೆ ದಾರಿ ಮಾಡುತ್ತದೆ, ಸಾರಜನಕವನ್ನೂ ಸೇರಿಸುತ್ತದೆ. ತಿನ್ನಿಸುವ ಮೊದಲು ಹುಲ್ಲನ್ನು ಹರಡಿ ವಾಸನೆ ಹೋಗಲು ಬಿಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯ ಕರಗಿಸಿದ ನೀರು ದನಗಳ ಬಾಯಿಗೆ ಸಿಕ್ಕದಂತೆ ಎಚ್ಚರವಹಿಸಬೇಕು. ಅದು ಪ್ರಾಣಕ್ಕೆ ಅಪಾಯ.

ಕುಣಿಗಲ್ ಎಂದೊಡನೆ ಕುದುರೆ ಫಾರಂ ನೆನಪಿಗೆ ಬರುತ್ತದೆ. ಕುದುರೆಗೆ ರೂಮೆನ್ ಇಲ್ಲ. ಅದರಲ್ಲಿ ನಾರು ಕರಗುವುದು ಕೊನೆಯ ಕರುಳಿನಲ್ಲಿ. ಅಲ್ಲಿ ಜೀರ್ಣ ಅಪೂರ್ಣವಾದುದರಿಂದ ಲದ್ದಿಯಲ್ಲಿ ನಾರು ಹೆಚ್ಚು. ರಾಶಿ ಹಾಕಿದರೆ ಬೇಗ ಕಾವೇರುತ್ತದೆ. ಅತಿಯಾಗಿ ಕಾಳು ತಿಂದ ಕುದುರೆಯ ಕರುಳು ಹುಳಿಯಾಗಿ ಗೊರಸಿನ ಉರಿ ಕಾಣಿಸಿಕೊಳ್ಳುವುದೂ ಇದೇ ನಿಯಮದ ಇನ್ನೊಂದು ಉದಾಹರಣೆ.

ತುಮಕೂರು ನಗರದ ಕಸ

ಅಂತರಸನಹಳ್ಳಿ ಮಾರುಕಟ್ಟೆಯ ತರಕಾರಿ ಕಸ, ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಸಂತೆಯ ಸಿಪ್ಪೆ ತೋಟದ ಕಸಕ್ಕೆ ತದ್ವಿರುದ್ಧ. ಅವುಗಳಲ್ಲಿ ನೀರು ಮತ್ತು ಸಕ್ಕರೆ ಹೆಚ್ಚು. ಅವುಗಳನ್ನಷ್ಟೇ ರಾಶಿ ಹಾಕಿದರೆ ಗಾಳಿಯಾಡದೆ ಹುಳಿದು ನಾರುತ್ತವೆ. ಹುಳಿಯಿಂದಾಗಿ ಕಾವಿನ ಹಂತ ಬರುವುದೇ ಇಲ್ಲ. ಇದಕ್ಕೆ ಸುಣ್ಣ ಸುರಿಯುವ ರೂಢಿಯಿದೆ. ಸುಣ್ಣ ಅತಿಯಾದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಹಸಿ ಕಸಕ್ಕೆ ಒಣಗಿದ ಗರಿ, ಅಡಿಕೆ ಸಿಪ್ಪೆ, ಒಣ ಎಲೆ ಬೆರೆಸಿ ಮಗುಚುವುದೇ ಉತ್ತಮ ಪರಿಹಾರ. ಗಾಳಿ ಸಿಕ್ಕಿದರೆ ಆಮ್ಲವನ್ನು ಸೂಕ್ಷ್ಮಜೀವಿಗಳೇ ತಿಂದು ಮುಗಿಸುತ್ತವೆ. ನಗರಕ್ಕೆ ಬೇಡವಾದ ಹಸಿ ಕಸ, ತೋಟಕ್ಕೆ ಬೇಡವಾದ ಒಣ ಕಸ ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಗಾಜು, ಪ್ಲಾಸ್ಟಿಕ್, ಬ್ಯಾಟರಿ ಸೇರಿದ ಕಸವನ್ನು ಮಾತ್ರ ಹೊಲಕ್ಕೆ ತರಬಾರದು.

ನಗರದ ಕಸದಿಂದ ಗೊಬ್ಬರ ಮಾಡುವ ಬೆಂಗಳೂರು ವಿಧಾನವನ್ನು ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದರು. ಗುಂಡಿಯಲ್ಲಿ ಪದರ ಪದರವಾಗಿ ಕಸ ತುಂಬಿ ಮಣ್ಣಿನಿಂದ ಮೆತ್ತುವ ಈ ವಿಧಾನದಲ್ಲಿ ಮಗುಚುವ ಕೂಲಿಯಿಲ್ಲ, ತೇವವೂ ಸಾರಜನಕವೂ ಉಳಿಯುತ್ತವೆ. ಗಾಳಿ ತಗ್ಗಿ ಕಾವು ಬೇಗ ಇಳಿಯುವುದರಿಂದ ಗೊಬ್ಬರವಾಗಲು ಆರರಿಂದ ಎಂಟು ತಿಂಗಳು ಬೇಕು. ಇದಕ್ಕೂ ಮೊದಲು ಆಲ್ಬರ್ಟ್ ಹೊವಾರ್ಡ್ ಅವರು ಇಂದೂರಿನಲ್ಲಿ ರೂಪಿಸಿದ ವಿಧಾನದಲ್ಲಿ ಮಗುಚುವ ಶ್ರಮವುಂಟು. ಆದರೆ ಗಾಳಿ, ಕಾವು ಎರಡೂ ಇರುವುದರಿಂದ ಮೂರು ನಾಲ್ಕು ತಿಂಗಳು ಸಾಕು. ನೀರು, ಆಳು ಕಡಿಮೆಯಿರುವವರಿಗೆ ಮೊದಲನೆಯದು, ಬೇಗ ಗೊಬ್ಬರ ಬೇಕಾದವರಿಗೆ ಎರಡನೆಯದು ಸೂಕ್ತ.

ಹಾರೆಯ ಪರೀಕ್ಷೆ

ಉಷ್ಣಮಾಪಕವಿಲ್ಲದಿದ್ದರೂ ರಾಶಿಯನ್ನು ಪರೀಕ್ಷಿಸಬಹುದು. ಕಬ್ಬಿಣದ ಹಾರೆಯನ್ನು ರಾಶಿಯ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ ನೋಡಬೇಕು.

- ಬಿಸಿಯಾಗಿದ್ದು, ಸ್ವಲ್ಪ ಹೊತ್ತು ಹಿಡಿಯಬಹುದಾದರೆ ಕೆಲಸ ಸರಿಯಾಗಿ ನಡೆದಿದೆ.
- ಮುಟ್ಟಿದೊಡನೆ ಕೈ ಹಿಂದೆಗೆಯುವಷ್ಟು ಸುಟ್ಟರೆ ಕಾವು ಅತಿಯಾಗಿದೆ. ಮಗುಚಿ ನೀರು ಚಿಮುಕಿಸಬೇಕು.
- ತಣ್ಣಗಿದ್ದು ಒಣಗಿದ್ದರೆ ನೀರು ಸಾಲದು. ಹಿಡಿ ಕಸವನ್ನು ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ಧಾರೆಯಾಗಿ ಸುರಿಯಬಾರದು.
- ತಣ್ಣಗಿದ್ದು ಹುಳಿ ವಾಸನೆ ಬಂದರೆ ಗಾಳಿ ಸಾಲದು. ಒಣ ಕಸ ಬೆರೆಸಿ ಮಗುಚಬೇಕು.
- ತಣ್ಣಗಿದ್ದು, ತೇವವಿದ್ದು, ವಾಸನೆಯಿಲ್ಲದೆ ಕಸ ಹಾಕಿದಂತೆಯೇ ಇದ್ದರೆ ಸಾರಜನಕ ಸಾಲದು. ಗಂಜಲ, ಸಗಣಿ ಅಥವಾ ಹಸುರು ಸೊಪ್ಪು ಬೇಕು.
- ಮೂಗಿಗೆ ಚುಚ್ಚುವ ಅಮೋನಿಯದ ವಾಸನೆ ಬಂದರೆ ಸಾರಜನಕ ನಷ್ಟವಾಗುತ್ತಿದೆ. ಒಣ ಕಸ ಸೇರಿಸಿ ಮೇಲೆ ಮಣ್ಣು ಅಥವಾ ಕೆರೆ ಗೋಡು ಹರಡಬೇಕು.

ಅರೆಬರೆ ಕೊಳೆತ ಗೊಬ್ಬರವನ್ನು ಹೊಲಕ್ಕೆ ಹಾಕುವುದು ಸುಡುವುದಕ್ಕಿಂತ ಮೇಲೆಂದು ಅವಸರ ಮಾಡಬಾರದು. ತಿಪ್ಪೆಯಲ್ಲಿ ಮುಗಿಯದ ಕೆಲಸವನ್ನು ಸೂಕ್ಷ್ಮಜೀವಿಗಳು ಹೊಲದಲ್ಲಿ ಮುಂದುವರಿಸುತ್ತವೆ. ಕಿಣ್ವಕ್ಕೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಮೊಳೆತ ರಾಗಿ ಪೈರು ಹಳದಿಯಾಗಿ ನಿಲ್ಲುತ್ತದೆ. ಮುಂಗಾರಿನ ರಾಗಿಗೆ ಗೊಬ್ಬರ ಬೇಕಾದವರು ಫೆಬ್ರವರಿ, ಮಾರ್ಚಿಯಲ್ಲಿಯೇ ರಾಶಿ ಹಾಕಬೇಕು. ಬೇಸಿಗೆಯ ಹವೆಯೂ ಆಗ ಕಾವಿಗೆ ನೆರವಾಗುತ್ತದೆ. ನೀರು ಮಾತ್ರ ತಪ್ಪಬಾರದು.

ನೆನಪಿಡಬೇಕಾದ ಅಂಶಗಳು

1. ನಾರು ಕರಗುವುದು ಕಿಣ್ವಗಳಿಂದ. ಕಿಣ್ವ ಹುಟ್ಟುವುದು ಸೂಕ್ಷ್ಮಜೀವಿಗಳಿಂದ. ಎರಡರ ಹಿತವನ್ನೂ ಕಾಯಬೇಕು.
2. ಶಿಲೀಂಧ್ರಗಳ ಕಿಣ್ವಕ್ಕೆ 5ರ ಆಸುಪಾಸಿನ ರಸಸಾರ, ದನದ ಹೊಟ್ಟೆಯ ಬ್ಯಾಕ್ಟೀರಿಯಗಳಿಗೆ 6ಕ್ಕಿಂತ ಮೇಲಿನ ರಸಸಾರ ಬೇಕು.
3. ತಿಪ್ಪೆಯ ಕಾವು 50ರಿಂದ 60 ಡಿಗ್ರಿ ಇದ್ದರೆ ಲಾಭ. 65 ದಾಟಿದರೆ ನಷ್ಟ.
4. ಟ್ರೈಕೊಡರ್ಮವನ್ನು ಬಿಸಿ ರಾಶಿಗೆ ಹಾಕಬಾರದು. ತಣಿದ ಮೇಲೆ ಹಾಕಬೇಕು.
5. ದನಕ್ಕೆ ಮೊದಲು ಹುಲ್ಲು, ಆಮೇಲೆ ಹಿಂಡಿ.

ಹೆಚ್ಚಿನ ಮಾಹಿತಿ ಬೇಕಾದ ರೈತ ಬಾಂಧವರು ತುಮಕೂರು ತಾಲ್ಲೂಕಿನ ಹಿರೇಹಳ್ಳಿ ಅಥವಾ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು, ಇಲ್ಲವೇ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕಾಣಬಹುದು. ಈ ಬೇಸಿಗೆಯಲ್ಲಿ ತೋಟದ ಅಂಚಿನ ಗರಿಗೆ ಬೆಂಕಿ ಇಡುವ ಮೊದಲು ಒಂದೇ ಒಂದು ರಾಶಿಯನ್ನಾದರೂ ಮೇಲಿನಂತೆ ಹಾಕಿ, ಹಾರೆ ಚುಚ್ಚಿ ನೋಡುವುದು ಯಾರಿಂದಲೂ ಆಗುವ ಕೆಲಸ.